ಟೊಮ್ಯಾಟೊ ಮಂಡೀಲಿ ಕೆಲ್ಸ ಮಾಡ್ಕೊಂಡು ಯೇಸುವಿನ ಶಿಷ್ಯನಾಗಿ ಇರೋದು ಹೆಂಗೆ?

ಕೋಲಾರ_ರೈಟರ್:
ಎಲ್ರಿಗೂ ವಂದನೆ. ಕೋಲಾರ ಎಪಿಎಂಸೀಲಿ ಒಂದು ಮಂಡೀಲಿ ಲೆಕ್ಕ ಬರೆಯೋನು ನಾನು. ದಿನಾ ಬೆಳಗ್ಗೆ ಲೂಕನ ಸುವಾರ್ತೆ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತು ಧ್ಯಾನ ಮಾಡ್ಕೊಂಡೇ ಹೋಗ್ತೀನಿ, ಆದ್ರೆ ಹರಾಜು ಶುರುವಾದ್ಮೇಲೆ ಅದೆಲ್ಲಾ ಎಲ್ಲಿ ಹೋಗುತ್ತೋ. ರೈತರ ಹತ್ರ ಕಮಿಷನ್ ಹಿಡಿಯಂಗಿಲ್ಲ ಅಂತ ರೂಲ್ಸ್ ಇದ್ರೂ ನಮ್ಮ ಓನರ್ ಬಿಳಿ ಚೀಟೀಲಿ (ಸರಿಯಾದ ಬಿಲ್ ಅಲ್ಲ, ಬರೀ ಕಾಗದ) ಕಮಿಷನ್ ಮುರ್ಕೊಂಡೇ ಬರಿ ಅಂತಾರೆ, ಬರೆಯೋ ಕೈ ನಂದು. ಯೇಸು ಕರೆದಾಗ ಸುಂಕ ವಸೂಲಿ ಮಾಡ್ತಿದ್ದ ಲೇವಿ ಸುಂಕದ ಕಟ್ಟೆಯಿಂದ ಎದ್ದು ಹೋದಂಗೆ ನಾನೂ ಕೆಲ್ಸ ಬಿಟ್ಬಿಡ್ಲಾ? ಮಕ್ಳ ಫೀಸ್ ಬೇರೆ ಇದೆ.

ಬಂಗಾರಪೇಟೆ ಅಕ್ಕ:
ಲೇವಿ ಕಥೆ 5ನೇ ಅಧ್ಯಾಯ, ಅದೊಂದನ್ನೇ ಹಿಡ್ಕೊಂಡು ಕೂರ್ಬೇಡಿ. ಹಿಂದೆ 3ನೇ ಅಧ್ಯಾಯ 12ರಿಂದ 14 ಓದಿ. ಸುಂಕದವರು ಬಂದು ನಾವೇನ್ ಮಾಡ್ಬೇಕು ಅಂದ್ರೆ ಸ್ನಾನಿಕ ಯೋಹಾನ ಕೆಲ್ಸ ಬಿಡಿ ಅನ್ನಲ್ಲ, ಗೊತ್ತುಮಾಡಿರೋದಕ್ಕಿಂತ ಜಾಸ್ತಿ ವಸೂಲಿ ಮಾಡ್ಬೇಡಿ ಅಂತಾನೆ, ಸಿಪಾಯಿಗಳಿಗೂ ಯಾರನ್ನೂ ಹೆದರಿಸಿ ಕಿತ್ಕೋಬೇಡಿ, ಸಂಬಳ ಸಾಕು ಅನ್ಕೊಳ್ಳಿ ಅಂತಾನೆ. ಇನ್ನೊಬ್ಬ ಸುಂಕದವನು ಜಕ್ಕಾಯನಿಗೂ ಯೇಸು ರಾಜೀನಾಮೆ ಕೊಡು ಅನ್ನಲಿಲ್ಲ, ಮೋಸ ಮಾಡಿದ್ರೆ ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂತ ಅವನೇ ಬಾಯಿಬಿಟ್ಟ.

ಚಿಂತಾಮಣಿ_08:
ಅಕ್ಕಾ ಜಕ್ಕಾಯ ಸುಂಕದವರ ಮುಖ್ಯಸ್ಥ, ಅಂದ್ರೆ ಓನರ್ ಲೆವೆಲ್ಲು. ಅವನ ಹತ್ರ ದುಡ್ಡಿತ್ತು, ಕೊಟ್ಟ. ಇವ್ರು ಸಂಬಳದ ಆಳು, ನಾಲ್ಕರಷ್ಟು ಎಲ್ಲಿಂದ ತರ್ತಾರೆ? ಲೆಕ್ಕ ಬರೆಯೋನ ಕಥೆ ಬೇಕಂದ್ರೆ 16ನೇ ಅಧ್ಯಾಯದ ಮೇಲ್ವಿಚಾರಕ ಇದ್ದಾನೆ, ಧಣಿಗೆ ಬರಬೇಕಾದ ಎಣ್ಣೆ ಸಾಲ 100 ಇದ್ದದ್ದನ್ನ ಸಾಲಗಾರನ ಹತ್ರ 50 ಅಂತ ಬರೆಸಿದೋನು. ಅದನ್ನ ಮಂಡೀಲಿ ಟ್ರೈ ಮಾಡ್ಬೇಡಿ ಮತ್ತೆ 😄

ಮಾಲೂರು ಕಥೋಲಿಕ:
ಬೆಳಗ್ಗೆ ಓದಿದ್ದು ಹರಾಜಿನ ಗಲಾಟೇಲಿ ನಿಲ್ಲಲ್ಲ, ಅದು ಸಹಜ. ಸಂತ ಇಗ್ನೇಷಿಯಸ್ ಹೇಳಿಕೊಟ್ಟ ಎಕ್ಸಾಮೆನ್ ಮಾಡಿ ನೋಡಿ, ರಾತ್ರಿ ಮಲಗೋ ಮುಂಚೆ ದೇವರಿಗೆ ಥ್ಯಾಂಕ್ಸ್ ಹೇಳಿ ಇಡೀ ದಿನನ ಒಂದ್ಸಲ ತಿರುಗಿ ನೋಡೋದು, ಎಲ್ಲಿ ಎಡವಿದೆ, ನಾಳೆ ಏನು ಅಂತ. ಹಾಗೇ ಓನರ್‌ಗೆ ಒಂದು ಮಾತು ಹೇಳಿ, ನಾನು ಬರೆಯೋ ಚೀಟೀಲಿ ಮಾರಿದ ರೇಟ್ ಎಷ್ಟು, ಮುರ್ಕೊಂಡಿದ್ದು ಎಷ್ಟು ಅಂತ ಬೇರೆ ಬೇರೆ ಸಾಲಲ್ಲಿ ಇರುತ್ತೆ ಅಂತ. ಮುರ್ಕೊಳ್ಳೋದು ಅದ್ರಿಂದ ನಿಲ್ಲಲ್ಲ, ಆದ್ರೆ ರೈತನಿಗೆ ಕೇಳೋಕೆ ಒಂದು ಕಾಗದ ಸಿಗುತ್ತೆ.

ಕೋಲಾರ_ರೈಟರ್:
ಬೇರೆ ಸಾಲು ಐಡಿಯಾ ಮಾಡ್ಬಹುದು. ಕಷ್ಟ ಏನಂದ್ರೆ ಓನರೂ ನಮ್ಮ ಚರ್ಚಿನೋರೇ.

ಬಂಗಾರಪೇಟೆ ಅಕ್ಕ:
ಅಯ್ಯೋ ಮೊದ್ಲೇ ಹೇಳ್ಬಾರ್ದಾ. ಹಂಗಾದ್ರೆ ಮತ್ತಾಯ 18:15, ಸಹೋದರ ತಪ್ಪು ಮಾಡಿದ್ರೆ ಏನ್ ಮಾಡ್ಬೇಕು ಅನ್ನೋ ಮಾತು ಅದು, ಮೊದ್ಲು ನೀವೊಬ್ರೇ ಹೋಗಿ ಮಾತಾಡಿ. ಪಾಸ್ಟರ್ ಹತ್ರ ಹೋಗೋದೆಲ್ಲ ಆಮೇಲೆ.