ನಕ್ಷೆಯ ಮೂಲೆ ಚೌಕಕ್ಕೆ ಕನ್ನಡದಲ್ಲಿ ಏನಂತೀರಿ? ನಾಳೆ ಪೇಂಟರ್ ಬರುತ್ತಾರೆ

ಮೇಷ್ಟ್ರು, ತಿಪಟೂರು ಕಡೆಯಿಂದ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು. ನಾಲ್ಕನೇ ತರಗತಿ ಮಕ್ಕಳು ಮಾಡಿದ ಊರಿನ ನಕ್ಷೆಯನ್ನು ಶಾಲೆಯ ಹೊರಗೋಡೆ ಮೇಲೆ ಬರೆಸುತ್ತಿದ್ದೇವೆ. ಪರಿಸರ ಅಧ್ಯಯನದ ಚಟುವಟಿಕೆ. ಮೊದಲು ಅಂಗಳದಲ್ಲಿ ಸೀಮೆಸುಣ್ಣದ ಗೆರೆ ಎಳೆದು, ಮನೆಗೆ ಬೆಂಕಿಪೊಟ್ಟಣ, ಮರಕ್ಕೆ ಹುಣಸೆಬೀಜ, ಬೋರ್‌ವೆಲ್ಲಿಗೆ ಸೋಡಾ ಮುಚ್ಚಳ ಇಟ್ಟರು. ಆಮೇಲೆ ಊರು ಸುತ್ತಿ ಹೆಜ್ಜೆ ಎಣಿಸಿಕೊಂಡು ಬಂದು ಎಲ್ಲವನ್ನೂ ಆಚೀಚೆ ಸರಿಸಿದರು. ಕೆರೆಯಂತೂ ಜಾಗ ಬದಲಾಯಿಸುತ್ತಲೇ ಇತ್ತು. ಕೊನೆಗೆ ಇಸ್ರೋದ ಭುವನ್ ಪೋರ್ಟಲ್‌ನಲ್ಲಿ ಊರಿನ ಚಿತ್ರ ತೆಗೆದು ಪಕ್ಕದಲ್ಲಿಟ್ಟು ನೋಡಿದೆವು. ಏರಿಯ ಬಾಗು ಮಕ್ಕಳು ಎಳೆದ ಹಾಗೇ ಇದೆ. ದೇವಸ್ಥಾನ ಮಾತ್ರ ಅರ್ಧ ಊರಿನಷ್ಟು ದೊಡ್ಡದು. ಇರಲಿ ಬಿಡಿ ಅಂತ ಬಿಟ್ಟೆ.

ಈಗ ವಿಷಯ. ನಕ್ಷೆಯ ಮೂಲೆಯಲ್ಲಿ ಒಂದು ಚೌಕ ಇರುತ್ತಲ್ಲ, ನೀಲಿ ಅಂದ್ರೆ ನೀರು, ತ್ರಿಕೋನ ಅಂದ್ರೆ ಗುಡಿ ಅಂತ. ಇಂಗ್ಲಿಷಿನವರು ಲೆಜೆಂಡ್ ಅಥವಾ ಕೀ ಅಂತಾರೆ. ಅದರ ತಲೆಬರಹ ಏನು ಹಾಕಿಸಲಿ? ಅನುವಾದದ ಆ್ಯಪ್ ಒಂದು "ದಂತಕಥೆ" ಅಂತ ಕೊಟ್ಟಿತು. ನಮ್ಮೂರಿಗೆ ಅದೂ ಒಪ್ಪುತ್ತೆ ಅನ್ನಿ. ಜಾಗ ಒಂದೂವರೆ ಅಡಿ ಅಗಲ ಅಷ್ಟೇ. ಉದ್ದ ಪದ ಬೇಡ.

ಮೈಸೂರಿನಿಂದ:

ಸೂಚಿ. ಇಷ್ಟಕ್ಕೆ ಚರ್ಚೆ ಯಾಕೆ?

ಬೆಂಗಳೂರಿನಿಂದ:

ದಂತಕಥೆ ಸುಮ್ನೆ ಬಂದದ್ದಲ್ಲ. ಲೆಜೆಂಡ್ ಲ್ಯಾಟಿನ್ ಮೂಲದ್ದು. "ಓದಬೇಕಾದದ್ದು" ಅಂತ ಅರ್ಥ. ಸಂತರ ಕಥೆ ಓದಿಸುತ್ತಿದ್ದರು, ಅಲ್ಲಿಂದ ಕಥೆಯ ಅರ್ಥ ಬಂತು. ನಾಣ್ಯದ ಮೇಲಿನ ಬರಹಕ್ಕೂ ಅದೇ ಪದ. ನಮಗೆ ಆ ದಾರಿ ಬೇಡ. ಕೀ ಹಿಡಿದು ಹೋದರೆ "ಕೀಲಿ" ಸಿಗುತ್ತದೆ. ಸಾಫ್ಟ್‌ವೇರ್ ಅನುವಾದದಲ್ಲಿ ನಾವು ಅದನ್ನೇ ಬಳಸುತ್ತೇವೆ. ಕೀಲಿಮಣೆ ರೂಢಿಯಾಗಿದೆ ಅಲ್ವಾ? ಎರಡೇ ಅಕ್ಷರ, ಪೇಂಟರಿಗೂ ಸುಲಭ.

ಧಾರವಾಡದಿಂದ:

ನಮ್ಮ ಕಡೆ ಕೀಲಿ ಅಂದ್ರ ಬೀಗ. ಬಾಗಲಕ್ಕ ಕೀಲಿ ಹಾಕ್ತೀವಿ, ಕೀಲಿಕೈಲೆ ತಗೀತೀವಿ. ನೀವು ನಕಾಶಕ್ಕ ಕೀಲಿ ಜಡದ್ರ ಹುಡುಗ್ರು ಏನ್ ಓದಬೇಕು? ಬೆಂಗಳೂರಾಗ ಕೂತು ಪದ ಹುಟ್ಟಿಸೋ ಮುಂದ ಒಮ್ಮೆ ತುಂಗಭದ್ರಾ ದಾಟ್ರಿ.

ಶಿವಮೊಗ್ಗದಿಂದ:

ಸೂಚಿ ಎಂದರೆ ಸೂಜಿ. ಸೂಜಿ ಅದರ ತದ್ಭವವೇ. ಪುಸ್ತಕದ ಕೊನೆಯ ಪದಪಟ್ಟಿಗೂ ಸೂಚಿ ಅಂತೀರಿ, ಗ್ರಂಥಗಳ ಪಟ್ಟಿಗೂ ಸೂಚಿ, ಈಗ ಇದಕ್ಕೂ. ಎಲ್ಲಕ್ಕೂ ಒಂದೇ ಸಂಸ್ಕೃತ ಪದ ಅಂಟಿಸುವುದು ಸೋಮಾರಿತನ. ನಮ್ಮದೇ ಪದ ಇದೆ: ಗುರುತು. ಕುರುಹು, ಗುರಿ, ಗುರುತು ಎಲ್ಲ ಒಂದೇ ಬುಡದವು. ತಮಿಳಿನ ಕುಱಿ, ಕುಱಿಪ್ಪು ಅದೇ ಬಳಗ. ತೆಲುಗಿನವರೂ ಗುರ್ತು ಅಂತಾರೆ. ಕುಱಿ ಎಂಬಲ್ಲಿ ಇರುವುದು ಹಳೆಯ ಗಡುಸು ರಕಾರ ಱ. ಇದನ್ನು ಮೇಯುವ ಕುರಿಯ ಜತೆ ಕಟ್ಟಬೇಡಿ, ಅದು ಬೇರೆ ಪದ. ಯಾರಾದರೂ ಆ ಜೋಕು ಮಾಡುತ್ತಾರೆ ಎಂದು ಮೊದಲೇ ಹೇಳುತ್ತಿದ್ದೇನೆ. ಗುರುತುಪಟ್ಟಿ ಎಂದು ಬರೆಸಿ.

ಮೈಸೂರಿನಿಂದ:

ಗುರುತುಪಟ್ಟಿ ಅರಿಸಮಾಸ. ಕನ್ನಡ ಪದಕ್ಕೆ ಸಂಸ್ಕೃತ ಪದ ಜೋಡಿಸಿದ ದೋಷ.

ಶಿವಮೊಗ್ಗದಿಂದ:

ಪಟ್ಟಿ ತದ್ಭವ, ರೂಪ ಬದಲಿಸಿ ಕನ್ನಡವಾದ ಪದ. ತದ್ಭವಕ್ಕೆ ಅರಿ ದೋಷ ತಗಲುವುದಿಲ್ಲ. ಶಬ್ದಮಣಿದರ್ಪಣ ಬರೆದ ವ್ಯಾಕರಣಕಾರ ಕೇಶಿರಾಜನನ್ನು ಓದಿದವರು ಇದನ್ನು ಮರೆಯಬಾರದು. ಗುರುತುಸೂಚಿ ಎಂದಿದ್ದರೆ ನೀವು ಹೇಳಿದ್ದು ಸರಿ.

ಬೆಂಗಳೂರಿನಿಂದ:

ಮತಗಟ್ಟೆ ಅರಿಸಮಾಸ ಅಲ್ಲವಾ? ಚುನಾವಣೆ ದಿನ ಇದೇ ಶಾಲೆಯ ಬಾಗಿಲಿಗೆ ಅದೇ ಬೋರ್ಡು ನೇತುಹಾಕುತ್ತಾರೆ. ಯಾರೂ ಕೇಶಿರಾಜನನ್ನು ಕೇಳಿಕೊಂಡು ಓಟು ಹಾಕಲಿಲ್ಲ.

ನಿವೃತ್ತ ಸರ್ವೆಯರ್, ಮಂಡ್ಯದಿಂದ:

ನಕ್ಷೆ ಜತೆಗೇ ಕೆಲಸ ಮಾಡಿದವನು, ಒಂದು ಮಾತು ಹೇಳುತ್ತೇನೆ. ಜಮೀನಿನಲ್ಲಿ ನಿಂತಾಗ ರೈತರು ನಮ್ಮನ್ನು ಕೇಳುತ್ತಿದ್ದದ್ದು "ಇದೇನು ಗುರ್ತು ಸಾರ್?" ಅಂತ. ಸೂಚಿ ಅಂದವರನ್ನು ನಾನು ಕಂಡಿಲ್ಲ. ಬಾಂದುಕಲ್ಲಿಗೆ ಒಂದು ಗುರ್ತು, ಬಾವಿಗೆ ಒಂದು, ಹಳ್ಳಕ್ಕೆ ಒಂದು. ಅದೇ ಸಾಕು.

ಮೇಷ್ಟ್ರಿಗೆ ಬೇರೆ ಪ್ರಶ್ನೆ. ಅಳತೆ ಏನು ಹಾಕುತ್ತೀರಿ? ನಮ್ಮ ಹಳೇ ಗ್ರಾಮನಕ್ಷೆಗಳು ಹೆಚ್ಚಾಗಿ 1:7920. ಅಂದರೆ ಒಂದು ಇಂಚಿಗೆ 660 ಅಡಿ. ಈ ಸಂಖ್ಯೆ ಎಲ್ಲಿಂದ ಬಂತು ಅಂತ ಮಕ್ಕಳಿಗೆ ಹೇಳಿ, ಖುಷಿಪಡುತ್ತಾರೆ. ಸರ್ವೆ ಸರಪಳಿ 33 ಅಡಿ. ಅಂಥ 20 ಸರಪಳಿ ಸೇರಿದರೆ 660. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ, 1089 ಚದರಡಿ. ಅಂಥ 40 ಗುಂಟೆಗೆ ಒಂದು ಎಕರೆ. ಅಂಗಳದಲ್ಲಿ ಹಗ್ಗ ಹಿಡಿಸಿ ಒಂದು ಗುಂಟೆ ಚೌಕ ಮಾಡಿಸಿ, ಒಳಗೆ ಎಷ್ಟು ಮಕ್ಕಳು ನಿಲ್ಲಬಹುದು ನೋಡಿ. ಮೊಬೈಲ್ ಇದ್ದರೆ ದಿಶಾಂಕ್ ಆ್ಯಪ್ ತೆಗೆದು ಶಾಲೆ ನಿಂತ ಸರ್ವೆ ನಂಬರ್ ತೋರಿಸಿ. ಮನೆಗೆ ಹೋಗಿ ಪಹಣಿ ಕೇಳುತ್ತಾರೆ, ಅಪ್ಪಂದಿರು ಬೈದರೆ ನನಗೆ ಹೇಳಬೇಡಿ.

ಕಲಬುರಗಿಯಿಂದ:

ನಿಶಾನಿ ಅಂತ ಬರೀರಿ. ಎಲ್ಲರಿಗೂ ತಿಳೀತದ.

ಶಿವಮೊಗ್ಗದಿಂದ:

ಪಾರಸಿ ಪದ. ಬೇಡ.

ಕಲಬುರಗಿಯಿಂದ:

ನಕ್ಷೆ ಯಾವ ಊರಿಂದ್ರೀ? ಅರಬ್ಬಿಂದು. ಧಾರವಾಡದವರ ನಕಾಶನೂ ಅದೇ ಪದ, ಮರಾಠಿ ಮನ್ಯಾಗ ಇದ್ದು ಬಂದದ. ಗ್ವಾಡಿ ಮ್ಯಾಲ ಅರಬ್ಬಿ ಇರಬಹುದು, ಮೂಲ್ಯಾಗ ಪಾರಸಿ ಇರಬಾರದಾ?

ಶಿವಮೊಗ್ಗದಿಂದ:

ಬಂದು ನೆಲೆಸಿದ್ದು ಬೇರೆ. ಗೊತ್ತಿದ್ದೂ ಹೊಸದಾಗಿ ಕರೆತರುವುದು ಬೇರೆ.

ಬೆಂಗಳೂರಿನಿಂದ:

ಹೊಸದಾಗಿಯಾ? ಕ್ರಯಪತ್ರದಲ್ಲಿ ಜಮೀನಿನ ನಾಲ್ಕೂ ಕಡೆಯ ಎಲ್ಲೆಗೆ ಚಕ್ಕುಬಂದಿ ಅನ್ನುವ ಪದ ಎಷ್ಟು ತಲೆಮಾರಿನಿಂದ ಇದೆ ನೋಡಿ. ಮೇಷ್ಟ್ರ ಗೋಡೆಯನ್ನೇ ತಗೊಳ್ಳಿ. ಕೆರೆ ನಮ್ಮದು. ಬಾವಿ ಸಂಸ್ಕೃತದ ವಾಪಿಯಿಂದ ಬಂದದ್ದು. ಶಾಲೆ ಸಂಸ್ಕೃತ. ರಸ್ತೆ ಪಾರಸಿ. ಬಸ್‌ಸ್ಟಾಪ್ ಇಂಗ್ಲಿಷ್. ಅಂಗಡಿ ನಮ್ಮದು, ಅದರೊಳಗಿನ ಸಾಬೂನು ಹೊರಗಿನಿಂದ ಬಂದದ್ದು. ಶುದ್ಧ ಕನ್ನಡದ ನಕ್ಷೆ ಬೇಕೆಂದರೆ ಕೆರೆ, ಏರಿ, ತೋಟ, ಹೊಲ ಉಳಿಯುತ್ತವೆ. ಶಾಲೆಗೆ ಹೋಗಲು ದಾರಿ ಇದೆ, ಶಾಲೆ ಇಲ್ಲ.

ಶಿವಮೊಗ್ಗದಿಂದ:

ನಾನು ಬಾವಿ ಮುಚ್ಚಿ ಎನ್ನಲಿಲ್ಲ. ಸುಲಭದ ಕನ್ನಡ ಪದ ಕೈಯಲ್ಲಿರುವಾಗ ಬೇರೆಯವರ ಮನೆಗೆ ಯಾಕೆ ಹೋಗಬೇಕು ಅಂದೆ. ಓದಿ ಬರೆಯಿರಿ.

ಎಚ್.ಡಿ. ಕೋಟೆ ಕಡೆಯ ಶಿಕ್ಷಕಿ:

ಮಕ್ಕಳನ್ನು ಯಾರೂ ಕೇಳಲಿಲ್ಲ. ನಾಲ್ಕನೇ ತರಗತಿಯವರು ನಲಿಕಲಿ ಮುಗಿಸಿ ಬಂದವರು. 1995ರಲ್ಲಿ ನಮ್ಮ ತಾಲ್ಲೂಕಿನಲ್ಲೇ ಶುರುವಾದ, ಮೂರನೇ ತರಗತಿವರೆಗೆ ಕಾರ್ಡು ಹಿಡಿದು ಆಡುತ್ತಾ ಕಲಿಯುವ ಪದ್ಧತಿ ಅದು. ಕಲಿಕಾ ಏಣಿ (ಕಲಿಕೆಯ ಮೆಟ್ಟಿಲುಗಳನ್ನು ತೋರಿಸುವ ಪಟ) ನೋಡಿ ಕಾರ್ಡು ಹುಡುಕುವಾಗ ಅವರು ಹಿಡಿಯುವುದು ಚಿತ್ರವನ್ನೇ. ಒಂದು ಪ್ರಾಣಿಯ ಚಿತ್ರ ಅಂದ್ರೆ ಈ ಥರದ ಕೆಲಸ, ಇನ್ನೊಂದು ಅಂದ್ರೆ ಆ ಥರದ್ದು. ಮೂರು ವರ್ಷ ಅದೇ ಮಾಡಿರುತ್ತಾರೆ. ಚಿತ್ರ ಒಂದು, ಅರ್ಥ ಒಂದು ಅನ್ನುವುದನ್ನು ಅವರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಅದಕ್ಕೆ ಅವರ ಪದ "ಲೋಗೊ". "ಮಿಸ್, ಗುಡಿಗೆ ಯಾವ ಲೋಗೊ?" ಅಂತ ನನ್ನನ್ನು ಕೇಳುತ್ತಾರೆ.

ಮೈಸೂರಿನಿಂದ:

ಇನ್ನು ಗೋಡೆಗೆ ಲೋಗೊ ಅಂತ ಬರೆಸುವುದೊಂದು ಬಾಕಿ.

ಶಿಕ್ಷಕಿ:

ಬರೆಸಿ ಅನ್ನಲಿಲ್ಲ ಸಾರ್. ಪದ ಯಾವುದೇ ಇರಲಿ, ಯಾವುದಕ್ಕೆ ಯಾವ ಚಿತ್ರ ಅಂತ ಮಕ್ಕಳೇ ಜಗಳವಾಡಿ ತೀರ್ಮಾನ ಮಾಡಲಿ. ನಮ್ಮಲ್ಲಿ ಒಬ್ಬ ಹುಡುಗ ಬೇಸಿಗೆಯಲ್ಲಿ ಕೆರೆಗೆ ನೀಲಿ ಹಾಕಲು ಒಪ್ಪಲಿಲ್ಲ. "ನೀರೇ ಇಲ್ಲ, ಯಾಕೆ ನೀಲಿ?" ಅಂದ. ಸರ್ವೆ ಆಫ್ ಇಂಡಿಯಾದ ಸ್ಥಳಾಕೃತಿ ನಕ್ಷೆಯಲ್ಲೂ ಒಣಗಿದ ಹಳ್ಳಕ್ಕೆ ಕಪ್ಪು, ನೀರಿದ್ದರೆ ನೀಲಿ. ಅವನು ಅದನ್ನು ನೋಡಿರಲಿಲ್ಲ. ಕೊನೆಗೆ ದಡಕ್ಕೆ ಕಪ್ಪು ಗೆರೆ ಎಳೆದು, ನಡುವೆ ಕೈಯಗಲ ನೀಲಿ ಬಳಿದರು.

ನಿವೃತ್ತ ಸರ್ವೆಯರ್:

ಆ ಹುಡುಗ ನಮ್ಮ ಇಲಾಖೆಗೆ ಬರಲಿ.

ಮೇಷ್ಟ್ರು, ತಿಪಟೂರು ಕಡೆಯಿಂದ:

ಎಲ್ಲರಿಗೂ ವಂದನೆ. ಪೇಂಟರ್ ಬಂದು ಬರೆದೂ ಆಯ್ತು. "ಗುರುತುಗಳು" ಅಂತ ಹಾಕಿಸಿದೆ. ಪಟ್ಟಿ ಬಿಟ್ಟೆ, ಮೈಸೂರಿನವರಿಗೆ ಹೆದರಿ ಅಲ್ಲ, ಜಾಗ ಸಾಲಲಿಲ್ಲ. ಎಸ್‌ಡಿಎಂಸಿಯವರೊಬ್ಬರು (ಶಾಲೆ ಸಮಿತಿಯವರು) ಬಂದು ನೋಡಿ, "ಏನ್ ಮೇಷ್ಟ್ರೇ, ಪಂಚಾಯ್ತಿ ಎಲೆಕ್ಷನ್ ಹತ್ರ ಬಂತು, ಗೋಡೆ ಮೇಲೆ ಗುರುತು ಬರೆಸ್ತಿದ್ದೀರಲ್ಲ, ಯಾವ ಗುರುತು?" ಅಂದರು. ಕೆಳಗಿನ ಚಿತ್ರಗಳನ್ನು ಒಂದೊಂದಾಗಿ ತೋರಿಸಿದೆ. ಸೋಡಾ ಮುಚ್ಚಳದ ಚಿತ್ರ ಬೋರ್‌ವೆಲ್ ಅಂದಾಗ ಒಪ್ಪಿದರು. ತಮ್ಮ ಮನೆ ಯಾಕಿಲ್ಲ ಅಂತಲೂ ಕೇಳಿದರು. ಅದು ಮಕ್ಕಳ ಜವಾಬ್ದಾರಿ ಅಂತ ಜಾರಿಕೊಂಡೆ.

ಅಳತೆಯನ್ನು ಹೆಜ್ಜೆಯಲ್ಲೇ ಹಾಕಿಸಿದ್ದೇವೆ. ಒಂದು ಗೇಣಿಗೆ ನೂರು ಹೆಜ್ಜೆ. ಯಾರ ಹೆಜ್ಜೆ ಅನ್ನುವ ಜಗಳ ಇನ್ನೂ ನಡೆಯುತ್ತಿದೆ.

ಶಿವಮೊಗ್ಗದಿಂದ:

"ಗುರುತು" ಸಾಕಿತ್ತು. "ಗಳು" ಬೇಕಿರಲಿಲ್ಲ. ತೋಟದಲ್ಲಿ ಹತ್ತು ಮರ ಇದೆ ಎನ್ನುತ್ತೇವೆ, ಹತ್ತು ಮರಗಳು ಇವೆ ಎಂದು ಊರಿನಲ್ಲಿ ಯಾರು ಹೇಳುತ್ತಾರೆ? ಬಣ್ಣ ಒಣಗುವ ಮುಂಚೆ ಒರೆಸಿಬಿಡಿ.