ಲೀನಿಯರ್ ಆಂಪ್ಲಿಫೈಯರ್‌ಗೆ ಮನೆಯ ಕರೆಂಟ್ ಲೈನ್: ಪ್ರಶ್ನೋತ್ತರ

ನಾನು ವೈರಿಂಗ್ ಕಂಟ್ರಾಕ್ಟರ್, ಹ್ಯಾಮ್ (ಹವ್ಯಾಸಿ ರೇಡಿಯೋದವ) ಕೂಡ ಹೌದು. ಲೀನಿಯರ್ (ರೇಡಿಯೋ ಸೆಟ್ಟಿನ ಪವರ್ ಏರಿಸುವ ಆಂಪ್ಲಿಫೈಯರ್) ಇಟ್ಟುಕೊಂಡವರು, ಇಡಬೇಕು ಅಂತಿರುವವರು ಇವತ್ತು ಸಂಜೆ ಕೇಳಿ. ನಿಮ್ಮ ಊರು ಬರೆಯಿರಿ. ಮಣ್ಣು, ಲೈನು ಎರಡೂ ಊರಿಗೊಂದು ಥರ. ಫಾರ್ವರ್ಡ್ ಬಂದದ್ದನ್ನು ದಯವಿಟ್ಟು ಇಲ್ಲಿ ಹಾಕಬೇಡಿ.

ತುಮಕೂರು: ನಮಸ್ಕಾರ ಸಾರ್. 400 ವಾಟ್ ಲೀನಿಯರ್‌ಗೆ ಹಾಲ್‌ನಲ್ಲಿರುವ 6 ಆಂಪ್ ಸಾಕೆಟ್ ಸಾಕಾಗುತ್ತಾ?

ಉತ್ತರ: ನಮಸ್ಕಾರ. 400 ವಾಟ್ ಹೊರಗೆ ಬರಬೇಕಾದರೆ ಸುಮಾರು 800 ವಾಟ್ ಒಳಗೆ ಹೋಗಬೇಕು. 230 ವೋಲ್ಟ್‌ನಲ್ಲಿ ಮೂರೂವರೆ ಆಂಪ್. ಲೆಕ್ಕಕ್ಕೆ ಸಾಕು. ಆದರೆ ಆ ಸಾಕೆಟ್ ಲೈಟು, ಫ್ಯಾನಿನ ಜೊತೆ ಒಂದೇ ತೆಳು ವೈರಿನಲ್ಲಿ ಇರುತ್ತದೆ. ಡಿಬಿಯಿಂದ (ಮನೆಯ ಕರೆಂಟ್ ಹಂಚುವ ಬೋರ್ಡ್) ಬೇರೆ ಲೈನ್ ಎಳೆಸಿ. 4 ಸ್ಕ್ವೇರ್ ಎಂಎಂ ತಾಮ್ರದ ವೈರ್, 16 ಆಂಪ್ ಸಾಕೆಟ್, ಫೇಸು ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್), ಸಿ ಟೈಪ್. ಆನ್ ಮಾಡಿದ ಕ್ಷಣ ಟ್ರಾನ್ಸ್‌ಫಾರ್ಮರ್ ಜಾಸ್ತಿ ಎಳೆಯುತ್ತದೆ, ಬಿ ಟೈಪ್ ಸುಮ್ನೆ ಬೀಳುತ್ತಿರುತ್ತದೆ. ಜೊತೆಗೆ 30 ಮಿಲಿ ಆಂಪ್ ಆರ್‌ಸಿಸಿಬಿ (ಕರೆಂಟ್ ನೆಲಕ್ಕೆ ಸೋರಿದರೆ ಲೈನ್ ಕಡಿಯುವ ಸ್ವಿಚ್).

ಚಿಕ್ಕಮಗಳೂರು: ಸಂಜೆ ಹೊತ್ತು ನಮ್ಮಲ್ಲಿ 180 ವೋಲ್ಟ್ ಬರುತ್ತದೆ. ಯಾವ ಸ್ಟೆಬಿಲೈಸರ್ ಹಾಕಲಿ ಸಾರ್?

ಸಾಗರ: ಸಾರ್, ನಮ್ಮ ಭಾವ ಡಲ್ಲಾಸ್‌ನಿಂದ ಹಳೇ ಆಂಪ್ಲಿಫೈಯರ್ ತಂದುಕೊಟ್ಟಿದ್ದಾರೆ, ಎರಡು 3-500ಝಡ್ ವಾಲ್ವ್‌ನದು. ಪುಸ್ತಕದಲ್ಲಿ 240 ವೋಲ್ಟ್, ಎರಡೂ ತಂತಿ ಹಾಟ್, ನ್ಯೂಟ್ರಲ್ ಬೇಡ ಅಂತ ಇದೆ. ಮನೆಯಲ್ಲಿ ಮೂರು ಫೇಸ್ ಇದೆ. ಎಲೆಕ್ಟ್ರಿಷಿಯನ್ ಆರ್ ಮತ್ತು ವೈ ಫೇಸ್ ಎಳೆದು ಸಾಕೆಟ್ ಕೂರಿಸಿ ಹೋಗಿದ್ದಾನೆ. ನಾಳೆ ಬೆಳಿಗ್ಗೆ ಆನ್ ಮಾಡಬಹುದಾ?

ಉತ್ತರ: ಆನ್ ಮಾಡಬೇಡಿ. ಮೊದಲು ಎದ್ದು ಹೋಗಿ ಆ ಎಂಸಿಬಿ ಇಳಿಸಿ, ಆಮೇಲೆ ಮುಂದಿನದನ್ನು ಓದಿ.

ಅಮೆರಿಕದ ಮನೆಗೆ 240 ಬರುವುದು ಒಂದೇ ಟ್ರಾನ್ಸ್‌ಫಾರ್ಮರ್ ಸುರುಳಿಯ ಎರಡು ತುದಿಯಿಂದ. ನ್ಯೂಟ್ರಲ್ ಅದರ ನಡುವೆ. ಒಂದೊಂದು ತುದಿಯೂ ನ್ಯೂಟ್ರಲ್‌ಗೆ 120. ಅದಕ್ಕೇ ಪುಸ್ತಕದಲ್ಲಿ ಎರಡೂ ಹಾಟ್ ಅಂತ ಬರೆದಿದ್ದಾರೆ. ನಮ್ಮಲ್ಲಿ ಒಂದು ಫೇಸ್ ಮತ್ತು ನ್ಯೂಟ್ರಲ್ ನಡುವೆಯೇ 230 ಇದೆ. ಆರ್-ವೈ ನಡುವೆ 400. ಅಂದರೆ ಎಲ್ಲವೂ ಒಂದೂ ಮುಕ್ಕಾಲು ಪಟ್ಟಿನ ಹತ್ತಿರ ಏರುತ್ತದೆ. 5 ವೋಲ್ಟ್ ಬೇಕಾದ ಫಿಲಮೆಂಟ್‌ಗೆ 8 ದಾಟುತ್ತದೆ. ವಾಲ್ವಿನ ಪ್ಲೇಟಿನ 3000 ವೋಲ್ಟ್ ಹೋಗಿ 5000 ಆಗುತ್ತದೆ. ಫಿಲ್ಟರ್ ಕೆಪಾಸಿಟರ್‌ಗಳು ಸಿಡಿಯುತ್ತವೆ.

ನಿಮಗೆ ಬೇಕಾದ್ದು ಒಂದು ಫೇಸ್, ನ್ಯೂಟ್ರಲ್, ಅರ್ತ್. ಅಷ್ಟೇ. ಒಳಗೆ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿ ಸುರುಳಿಗಳ ಜಂಪರ್ (ಜೋಡಿಸುವ ತುಂಡು ತಂತಿ) 240ಕ್ಕೆ ಇದೆಯಾ ನೋಡಿಸಿ, 120ಕ್ಕೆ ಬಿಟ್ಟಿರುವುದೇ ಜಾಸ್ತಿ. ಟ್ರಾನ್ಸ್‌ಫಾರ್ಮರ್ ಮೇಲೆ 50 ಹರ್ಟ್ಸ್ ಅಂತ ಇದೆಯಾ? ಬರೀ 60 ಇದ್ದರೆ ಇಲ್ಲಿ ಜಾಸ್ತಿ ಬಿಸಿಯಾಗುತ್ತದೆ. ಬಣ್ಣ ನಂಬಬೇಡಿ: ಅವರ ಕಪ್ಪು ತಂತಿ ಹಾಟ್, ನಮ್ಮ ಹಳೇ ವೈರಿಂಗ್‌ನ ಕಪ್ಪು ನ್ಯೂಟ್ರಲ್. ಇನ್ನೊಂದು, ಅದರಲ್ಲಿ ಎರಡೂ ತಂತಿಗೆ ಫ್ಯೂಸ್ ಇರುತ್ತದೆ. ಇಲ್ಲಿ ಒಂದು ಫ್ಯೂಸ್ ನ್ಯೂಟ್ರಲ್ ಮೇಲೆ ಬೀಳುತ್ತದೆ. ಅದು ಸುಟ್ಟರೆ ಸೆಟ್ ಸತ್ತ ಹಾಗೆ ಕಾಣುತ್ತದೆ, ಒಳಗೆ ಫೇಸ್ ಇದ್ದೇ ಇರುತ್ತದೆ.

ಮುಚ್ಚಳ ನೀವು ತೆಗೆಯಬೇಡಿ. ಒಮ್ಮೆ ಪರಿಚಯದವರ ಆಂಪ್ಲಿಫೈಯರ್ ತೆರೆದಿದ್ದೆ. ಪ್ಲಗ್ ಕಿತ್ತು ಅರ್ಧ ಗಂಟೆ ಆಗಿತ್ತು. ಕೆಪಾಸಿಟರ್‌ಗಳ ಚಾರ್ಜ್ ಇಳಿಸಬೇಕಾದ ಬ್ಲೀಡರ್ ರೆಸಿಸ್ಟರ್ ಒಳಗೇ ಕಡಿದಿತ್ತು, ಹೊರಗೆ ಗುರುತೇ ಇಲ್ಲ. ಉಳಿದ ಚಾರ್ಜ್ ಇಳಿಸುವ ಶಾರ್ಟಿಂಗ್ ಕೋಲು ಮುಟ್ಟಿಸಿದ ಕೂಡಲೇ ಪಟಾಕಿಯಂಥ ಸದ್ದು. ಕೋಲಿನ ಹಿತ್ತಾಳೆ ಕೊಕ್ಕೆಯಲ್ಲಿ ಸಾಸಿವೆ ಕಾಳಿನಷ್ಟು ಗುಳಿ ಬಿದ್ದಿತ್ತು. ಆ ಕಡೆ ಆರ್‌ಸಿಸಿಬಿ ಕೂಡ ಕಾಯುವುದಿಲ್ಲ. ಟ್ರಾನ್ಸ್‌ಫಾರ್ಮರ್‌ನ ಆಚೆ ಮನುಷ್ಯನ ಮೈಯಲ್ಲಿ ಹರಿಯುವ ಕರೆಂಟ್ ಅದಕ್ಕೆ ಕಾಣುವುದೇ ಇಲ್ಲ.

ಡಲ್ಲಾಸ್: ಆ ಭಾವ ನಾನೇ. ಇಲ್ಲಿ ಹತ್ತು ವರ್ಷ ಎರಡೂ ಹಾಟ್‌ನಲ್ಲೇ ಓಡಿಸಿದ್ದೇನೆ, ಏನೂ ಆಗಿಲ್ಲ. ಒಂದು ಕಿಲೋವಾಟ್ ಆರಾಮಾಗಿ ಕೊಡುತ್ತದೆ.

ಹುಬ್ಬಳ್ಳಿ: ಅಲ್ಲಿ ನಿಮಗೆ 1500 ವಾಟ್ ತನಕ ಬಿಟ್ಟಿದ್ದಾರೆ. ಇಲ್ಲಿ ಜನರಲ್ ಗ್ರೇಡ್ ಲೈಸೆನ್ಸಿಗೂ 400 ಮಾತ್ರ, ರಿಸ್ಟ್ರಿಕ್ಟೆಡ್‌ಗೆ 50. ತಂದುಕೊಡುವ ಮೊದಲು ಹೇಳಬೇಕಿತ್ತಲ್ವಾ?

ದಾವಣಗೆರೆ: ಯಾರು ಅಳೆಯೋಕೆ ಬರ್ತಾರೆ ಬಿಡ್ರಿ.

ಹುಬ್ಬಳ್ಳಿ: ಇಂಥ ಮಾತಿನಿಂದಲೇ ಉಳಿದವರ ಲೈಸೆನ್ಸಿಗೂ ಕುತ್ತು ಬರೋದು.

ದಾವಣಗೆರೆ: ನಿಮ್ಮ ಲೈಸೆನ್ಸ್ ನೀವು ನೋಡಿಕೊಳ್ಳಿ.

ಡಲ್ಲಾಸ್: ನಾನು ಪ್ರೀತಿಯಿಂದ ಕೊಟ್ಟಿದ್ದು. ಪವರ್ ಇಳಿಸಿ ಓಡಿಸಬಹುದು.

ಮೈಸೂರು: 6 ಆಂಪ್ ಸಾಕೆಟ್ ಸಾಕಾ ಸಾರ್?

ಉತ್ತರ: ಮೇಲೆ ಹೇಳಿದ್ದೇನೆ.

ಉಡುಪಿ: 7 ಮೆಗಾಹರ್ಟ್ಸ್‌ನಲ್ಲಿ ಮಾತಾಡಲು ಶುರು ಮಾಡಿದರೆ ಆರ್‌ಸಿಸಿಬಿ ಬೀಳುತ್ತದೆ. ಬೈಪಾಸ್ ಮಾಡಿ ಅಂತ ಒಂದು ಫಾರ್ವರ್ಡ್ ಬಂದಿದೆ.

ಉತ್ತರ: ಮಾಡಬೇಡಿ. ನಿಮ್ಮದು ಮುರಕಲ್ಲಿನ ನೆಲ. ಅರ್ತ್ ಗುಂಡಿ 10 ಓಮ್ ಇದೆ ಅಂದುಕೊಳ್ಳಿ. ಫೇಸ್ ಹೋಗಿ ಆಂಪ್ಲಿಫೈಯರ್ ಪೆಟ್ಟಿಗೆಗೆ ತಾಗಿದರೆ ನೆಲಕ್ಕೆ ಹರಿಯುವುದು 23 ಆಂಪ್. 16 ಆಂಪ್ ಎಂಸಿಬಿ ಅದಕ್ಕೆ ತಕ್ಷಣ ಬೀಳುವುದಿಲ್ಲ. ಅಲ್ಲಿಯ ತನಕ ಪೆಟ್ಟಿಗೆಯ ಮೈಯಲ್ಲಿ ಹೆಚ್ಚುಕಡಿಮೆ 230 ನಿಂತಿರುತ್ತದೆ. ಆಗ ಉಳಿಸುವುದು ಆರ್‌ಸಿಸಿಬಿ ಒಂದೇ. ಅದು ಬೀಳುತ್ತಿರುವುದು ಆಂಟೆನಾದ ಆರ್‌ಎಫ್ (ರೇಡಿಯೋ ಅಲೆ) ಮನೆಯ ವೈರಿಗೆ ಹತ್ತಿರುವುದಕ್ಕೆ. ಕೋಆಕ್ಸ್‌ಗೆ (ಆಂಟೆನಾಗೆ ಹೋಗುವ ಕೇಬಲ್) ಆಂಟೆನಾದ ಬುಡದಲ್ಲಿ ಆರ್‌ಎಫ್ ತಡೆಯುವ ಚೋಕ್ ಹಾಕಿ, ಮೇನ್ಸ್ ಕೇಬಲನ್ನು ಫೆರೈಟ್ ರಿಂಗಿಗೆ ಏಳೆಂಟು ಸುತ್ತು ಸುತ್ತಿ, ಆಂಟೆನಾ ಮನೆಯಿಂದ ದೂರ ಸರಿಸಿ.

ಹಾಸನ: ಸಾಕೆಟ್‌ನಲ್ಲೇ ನ್ಯೂಟ್ರಲ್ ಮತ್ತು ಅರ್ತ್ ಸೇರಿಸಿದರೆ ಅರ್ತ್ ಗುಂಡಿಯೇ ಬೇಡವಂತೆ. ನಮ್ಮ ಗ್ರೂಪಲ್ಲಿ ಬಂದಿದೆ.

ಉತ್ತರ: ಫಾರ್ವರ್ಡ್ ಬೇಡ ಅಂತ ಮೊದಲ ಸಾಲಲ್ಲೇ ಬರೆದಿದ್ದೆ. ಹಾಗೆ ಸೇರಿಸಿದ ಮೇಲೆ ನ್ಯೂಟ್ರಲ್ ಎಲ್ಲಾದರೂ ಕಡಿದರೆ ಪೆಟ್ಟಿಗೆ, ಮೈಕ್, ಮೋರ್ಸ್ ಕೀ ಎಲ್ಲದರ ಮೈಯಲ್ಲೂ 230. ಈಗಾಗಲೇ ಮಾಡಿದ್ದರೆ ಇವತ್ತೇ ಬಿಚ್ಚಿಸಿ.

ಹಾಸನ: ಕೇಳಿದ್ದಕ್ಕೆ ಇಷ್ಟು ಸಿಟ್ಟು ಯಾಕೆ?

ದಾವಣಗೆರೆ: ಅರ್ತ್ ಗುಂಡಿಗೆ ಉಪ್ಪು ನೀರು ಹುಯ್ಯಿರಿ, ಸಾಕು.

ಹುಬ್ಬಳ್ಳಿ: ಉಪ್ಪಿಗೆ ಜಿಐ ಪೈಪ್ ತುಕ್ಕು ಹಿಡಿಯುತ್ತದೆ. ಗುಂಡಿ ಅಳೆಸಿ ನೋಡಿದ್ದೀರಾ ಯಾವತ್ತಾದರೂ?

ಬಳ್ಳಾರಿ: ಎಷ್ಟು ಸ್ಕ್ವೇರ್ ವೈರ್ ಹಾಕಬೇಕು?

ಉತ್ತರ: ಮೇಲೆ ಓದಿ.

ರಾಯಚೂರು: ಸೋಲಾರ್ ಇನ್ವರ್ಟರ್ ಮೇಲೆ ಲೀನಿಯರ್ ಓಡುತ್ತಾ?

ಸಾಗರ: ಸಾರ್, ಎಂಸಿಬಿ ಇಳಿಸುವ ಮೊದಲು ಸಾಕೆಟ್‌ಗೆ ಮೀಟರ್ ಹಿಡಿದೆ. 412 ತೋರಿಸಿತು. ಕೈ ನಡುಗಿತು.

ಉತ್ತರ: ಇಳಿಸಿದಿರಲ್ಲ, ಅಷ್ಟು ಸಾಕು. ಆ ಮೀಟರನ್ನು ಆಂಪ್ಲಿಫೈಯರ್ ಒಳಗೆ ಮಾತ್ರ ಹಿಡಿಯಬೇಡಿ, ಅದು 3000 ತಡೆಯುವುದಿಲ್ಲ. ಈಗ ಇನ್ನೊಂದು ಕೆಲಸ ಇದೆ. ನೋಡೋದಕ್ಕೆ ಅದು ಮಾಮೂಲಿ 16 ಆಂಪ್ ಸಾಕೆಟ್ ಅಲ್ವಾ? ಮನೆಯವರು ಯಾರಾದರೂ ಎಂಸಿಬಿ ಎತ್ತಿ ಇಸ್ತ್ರಿ ಪೆಟ್ಟಿಗೆ ಚುಚ್ಚಿಯಾರು. ಸಾಕೆಟ್ ಮೇಲೆ ಟೇಪ್ ಅಂಟಿಸಿ, ಎಂಸಿಬಿ ಮೇಲೂ ಅಂಟಿಸಿ, ಮನೆಯಲ್ಲಿ ಎಲ್ಲರಿಗೂ ಹೇಳಿ. ನಾಳೆ ಬೆಳಿಗ್ಗೆ ಅದೇ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ವೈ ಫೇಸ್ ಬಿಚ್ಚಿಸಿ. ಅವನು ಬಂದಾಗ ನನಗೆ ಫೋನ್ ಮಾಡಿ, ನಾನೇ ಮಾತಾಡುತ್ತೇನೆ.

ಸಾಗರ: ಅಂಟಿಸಿದೆ ಸಾರ್. ಅಮ್ಮನಿಗೂ ಹೇಳಿದೆ.

ಚಿಕ್ಕಮಗಳೂರು: ಸಾರ್, ನನ್ನ ಸ್ಟೆಬಿಲೈಸರ್ ವಿಷಯ?