ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಷೋ ನೋಡಿದವರು ಹೇಳಿ, ದನಿ ಹೇಗಿತ್ತು?

ಪ್ರಶ್ನೆ: 2023ರ ಫೆಬ್ರವರಿಯಲ್ಲಿ ಟ್ಯಾಂಪಾದಲ್ಲಿ ಶುರುವಾದ ಟೂರ್ 2025ರ ಜುಲೈನಲ್ಲಿ ಮಿಲಾನ್‌ನಲ್ಲಿ ಮುಗಿಯಿತು. ನನಗೆ ಒಂದು ಷೋನೂ ಸಿಗಲಿಲ್ಲ. ಬ್ರೂಸ್ ದನಿ ನಿಜವಾಗಿ ಗಟ್ಟಿಯಾಗಿದೆಯಾ, ಇಲ್ಲಾ ಸುಮ್ನೆ ಅಭಿಮಾನಕ್ಕೆ ಹೊಗಳ್ತಿದ್ದೀರಾ?

ಉತ್ತರ 1: ನಾನು 2024ರ ಜುಲೈನಲ್ಲಿ ಲಂಡನ್ನಿನ ವೆಂಬ್ಲಿ ಸ್ಟೇಡಿಯಂಗೆ ಹೋಗಿದ್ದೆ. ಆಗ ಅವರಿಗೆ 74. ಹಿಂದಿನ ವರ್ಷ ಹೊಟ್ಟೆ ಹುಣ್ಣಿನಿಂದ ಷೋಗಳನ್ನೇ ಮುಂದೂಡಿದ್ದ ಮನುಷ್ಯ, ಹತ್ತಿರ ಹತ್ತಿರ ಮೂರು ಗಂಟೆ ಹಾಡಿದರು. ಬ್ರೇಕ್ ಇಲ್ಲ. ಬಿಳಿ ಶರ್ಟು, ಟೈ, ಮೇಲೊಂದು ವೇಸ್ಟ್‌ಕೋಟು. ಅರ್ಧ ಗಂಟೆಯಲ್ಲೇ ಶರ್ಟು ಬೆನ್ನಿಗೆ ಅಂಟಿತ್ತು. ಎತ್ತರದ ಸ್ವರ ಬಂದಾಗ ದನಿ ಸ್ವಲ್ಪ ಒಡೆಯುತ್ತೆ, ಸುಳ್ಳು ಹೇಳಲ್ಲ. ಆದರೆ ಆ ಒಡಕು ಹಾಡಿಗೆ ಒಪ್ಪುತ್ತೆ. ದೊಡ್ಡ ಪರದೆ ಮೇಲೆ ಬ್ರೂಸ್ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ನುಡಿಸುತ್ತಿದ್ದ, ಈಗ ತೀರಿಕೊಂಡ ಕ್ಲಾರೆನ್ಸ್ ಕ್ಲೆಮನ್ಸ್ ಫೋಟೋ ಬಂತು. ಕೆಳಗೆ ಕ್ಲಾರೆನ್ಸ್ ಅವರ ಅಣ್ಣನೋ ತಮ್ಮನೋ ಯಾರದೋ ಮಗ ಜೇಕ್, ಸ್ಯಾಕ್ಸೊಫೋನ್ ಹಿಡಿದು ನಿಂತಿದ್ದ. ಪಕ್ಕದಲ್ಲಿದ್ದ ಗಡ್ಡದಜ್ಜ ಕನ್ನಡಕ ತೆಗೆದು ಒರೆಸಿದ್ದೇ ಒರೆಸಿದ್ದು. ನಾನೂ ಆ ಕಡೆ ನೋಡಲಿಲ್ಲ, ನನ್ನ ಕಣ್ಣೂ ಸರಿ ಇರಲಿಲ್ಲ.

ಉತ್ತರ 2: ನಾನು ನೋಡಿದ್ದು ಬೇರೆ ಊರಲ್ಲಿ, ತೀರಾ ಮೇಲಿನ ಸೀಟು. ಡ್ರಮ್ ಬಿಟ್ಟರೆ ಮಿಕ್ಕಿದ್ದೆಲ್ಲ ಗೊಜಗೊಜ. ಕೊನೆಗೆ ಒಬ್ಬರೇ ಗಿಟಾರ್ ಹಿಡಿದು ನಿಂತಾಗಲೇ ಒಂದೊಂದು ಮಾತೂ ಕೇಳಿಸಿದ್ದು. ಅದೊಂದಕ್ಕೇ ದುಡ್ಡು ಸರಿಹೋಯ್ತು ಬಿಡಿ.

ಪ್ರಶ್ನೆ ಕೇಳಿದವನು: ಹೊಟ್ಟೆ ಉರಿಸಬೇಡ್ರಪ್ಪ. ಮುಂದಿನ ಸಲ ಎಲ್ಲಿ ಕೂರಬೇಕು, ಅದನ್ನಾದರೂ ಹೇಳಿ.

ಉತ್ತರ 1: ಕೂರೋದಾ? ನಿಲ್ಲೋ ಟಿಕೆಟ್ ತಗೊಳ್ಳಿ. ಒಳ್ಳೆ ಶೂ ಹಾಕ್ಕೊಳ್ಳಿ.